ಎಡಗೈ ಅತ್ತೆಯದು

ನಾನು ಆಕೆಯ ಎಡಗಡೆ ನಿಂತು ಹೆಸರು ಕೇಳಿದೆ. ಆಕೆ ಬಲಗಡೆಗೆ ಮುಖ ತಿರುಗಿಸಿ, ಅಲ್ಲಿದ್ದ ಖಾಲಿ ಸ್ಟೂಲಿಗೆ ತನ್ನ ಹೆಸರು ಹೇಳಿದಳು. ಊರು ಯಾವುದೆಂದು ಕೇಳಿದೆ. ನಾರಾಯಣಪುರದ ಆಚೆಗಿನ ಒಂದು ಹಳ್ಳಿಯ ಹೆಸರನ್ನೂ ಸ್ಟೂಲಿಗೇ ಹೇಳಿದಳು. ಹೇಳುವ ಮೊದಲು ಬಲಗೈಯಿಂದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಮನೆಯ ಹಿರಿಯರು ಎದುರಿಗೆ ಕೂತಾಗ ನಮ್ಮ ಕಡೆಯ ಹೆಂಗಸರು ಹಾಗೆ ಮಾಡುತ್ತಾರೆ.

ಅದು ಹುಮನಾಬಾದಿನ ನಮ್ಮ ಆಸ್ಪತ್ರೆಯ ತುರ್ತು ಚಿಕಿತ್ಸೆಯ ಕೋಣೆ. ನಾನು ಅಲ್ಲಿ ಹಗಲು ಪಾಳಿಯ ಡಾಕ್ಟರು. ಊಟದ ಹೊತ್ತಿಗೆ ಇನ್ನೂ ತಡವಿತ್ತು. ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ಜೋರಾಗಿ ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಕಿಟಕಿಯ ಬಿಸಿಲು ನೇರವಾಗಿ ಆ ಸ್ಟೂಲಿನ ಮೇಲೆ ಬಿದ್ದಿತ್ತು. ಆಕೆಯ ಗಂಡ ಮತ್ತು ಸೊಸೆ ಬಸವಕಲ್ಯಾಣದಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿ, ಅವರು 'ಸ್ಕ್ಯಾನ್ ಆಗಬೇಕು, ಹುಮನಾಬಾದಿಗೆ ಒಯ್ಯಿರಿ' ಎಂದಿದ್ದಕ್ಕೆ ಜೀಪು ಮಾಡಿಕೊಂಡು ಬಂದಿದ್ದರು. ಇಬ್ಬರೂ ದಣಿದಿದ್ದರು. ಆದರೂ ಆ ಸ್ಟೂಲಿನ ಮೇಲೆ ಯಾರೂ ಕೂರಲಿಲ್ಲ. ನಮ್ಮ ನರ್ಸ್ ಕೂಡ ಅದನ್ನು ಸುತ್ತುಹಾಕಿಕೊಂಡೇ ಓಡಾಡುತ್ತಿದ್ದಳು. ನಾನು ಗದರಿದ ಮೇಲೆ ಅದನ್ನು ಕಾಲಿನಿಂದ ಮೂಲೆಗೆ ತಳ್ಳಿದಳು. ರೋಗಿಯ ಕಣ್ಣು ಸ್ಟೂಲಿನ ಹಿಂದೆ ಹೋಗಲಿಲ್ಲ. ಸ್ಟೂಲು ಮೊದಲಿದ್ದ ಜಾಗದಲ್ಲೇ ಉಳಿಯಿತು.

ಇದಕ್ಕೆ ಪುಸ್ತಕದಲ್ಲಿ ಕಾರಣವಿದೆ. ಮಿದುಳಿನ ಬಲಭಾಗಕ್ಕೆ ರಕ್ತ ಹೋಗುವುದು ನಿಂತು ಪಾರ್ಶ್ವವಾಯು, ನಮ್ಮ ಕಡೆಯವರು ಲಕ್ವಾ ಎನ್ನುವುದು, ಬಡಿದರೆ ಕೆಲವರಿಗೆ ಜಗತ್ತಿನ ಎಡಭಾಗವೇ ಅಳಿಸಿಹೋಗುತ್ತದೆ. ಎಡದಿಂದ ಬಂದ ದನಿ ಬಲದಿಂದ ಬಂದಂತೆ ಕೇಳಿಸುತ್ತದೆ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಸ್ಟೂಲಿದ್ದ ಜಾಗದ ಕಡೆ ಒಮ್ಮೆ ಕಣ್ಣು ಹಾಯಿಸಿದೆ.

ಸಕ್ಕರೆ ನೋಡಿದೆವು, ಸರಿಯಿತ್ತು. ರಕ್ತದೊತ್ತಡ ಬಹಳ ಏರಿತ್ತು. ಬಾಯಿಯ ಎಡ ಮೂಲೆ ಇಳಿದಿತ್ತು. ಎರಡೂ ಕೈ ಎತ್ತಿ ಹಿಡಿದು ಬಿಟ್ಟೆ. ಬಲಗೈ ನಿಂತಿತು, ಎಡಗೈ ಒದ್ದೆ ಬಟ್ಟೆಯಂತೆ ಬಿತ್ತು. ಆ ಎಡಗೈಯನ್ನು ಎತ್ತಿ ಆಕೆಯ ಎದೆಯ ಮೇಲಿನಿಂದ ಬಲಗಡೆಗೆ, ಕಣ್ಣಿಗೆ ಕಾಣುವಂತೆ ತಂದೆ.

"ಇದು ಯಾರ ಕೈ, ಅಮ್ಮಾ?"

ಆಕೆ ಅದನ್ನು ನೋಡಿದಳು. "ನಮ್ಮ ಅತ್ತೀದರಿ" ಎಂದಳು. ದನಿಯಲ್ಲಿ ಗಾಬರಿ ಇರಲಿಲ್ಲ. ನೆರೆಮನೆಯ ತಂಬಿಗೆ ಯಾರದೆಂದು ಕೇಳಿದರೆ ಹೇಳುವಷ್ಟು ಸಹಜವಾಗಿ ಹೇಳಿದಳು.

"ಮತ್ತೆ ನಿಮ್ಮ ಕೈ?"

ಬಲಗೈ ಎತ್ತಿ ತೋರಿಸಿದಳು.

"ಇನ್ನೊಂದು?"

ಸ್ವಲ್ಪ ಯೋಚಿಸಿದಳು. "ಅದು ಅಕೀಗೇ ಗೊತ್ತರಿ. ಅಕಿನ್ನ ಕೇಳ್ರಿ."

ನಾನು ಸೊಸೆಯ ಕಡೆ ತಿರುಗಿದೆ. ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಅತ್ತು ಕೆಂಪಾದ ಕಣ್ಣು. "ಇವರ ಅತ್ತೆ ಎಲ್ಲಿದ್ದಾರೆ?" ಎಂದು ಕೇಳಿದೆ.

"ಹ್ವಾದ ಶ್ರಾವಣದಾಗ ತೀರಕೊಂಡ್ರಿ. ನಮ್ಮ ಹೊಲದಾಗೇ ಮಣ್ಣು ಮಾಡೀವಿ."

ಮುಂದಿನದನ್ನು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಾನೂ ಕೊರಳಲ್ಲಿ ಲಿಂಗ ಕಟ್ಟುವ ಮನೆಯಲ್ಲಿ ಹುಟ್ಟಿದವಳು. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸಿ ಹೂಳುತ್ತಾರೆ. ಬದುಕಿಡೀ ಪೂಜೆ ಮಾಡಿದ ಇಷ್ಟಲಿಂಗವನ್ನು ಎಡಗೈಯಲ್ಲಿಟ್ಟು ಕಳಿಸುತ್ತಾರೆ. ಈ ಮೂವರ ಪಾಲಿಗೆ, ಹಾಗೆ ಮಣ್ಣಿಗೆ ಹೋದ ಕೈಯೊಂದು ಈಗ ನನ್ನ ಹಸಿರು ಚಾದರದ ಮೇಲೆ ಬಿದ್ದಿತ್ತು. ಗಂಡ, ಅರವತ್ತು ದಾಟಿದ ಯಜಮಾನರು, ಆ ಎಡಗೈಯನ್ನು ಮತ್ತೆ ಎರಡೂ ಕೈಯಲ್ಲಿ ಹಿಡಿದುಕೊಂಡರು. ಜೀಪಿನಿಂದ ಇಳಿಸುವಾಗಲೂ ಅವರು ಅದನ್ನು ಬಿಟ್ಟಿರಲಿಲ್ಲ. ಹೆಂಡತಿಯ ಅತ್ತೆ ಎಂದರೆ ಅವರ ತಾಯಿ ಎನ್ನುವುದು ನನಗೆ ಆಮೇಲೆ ಹೊಳೆಯಿತು.

ಇಂಥ ರೋಗಿಯ ವಿಷಯದಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆ ಇದೆ. ಯಾವಾಗಿನಿಂದ ಹೀಗೆ? ಹೆಪ್ಪು ಕರಗಿಸುವ ಔಷಧಿ ನಮ್ಮಲ್ಲಿದೆ. ಶುರುವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಟ್ಟರೆ ಕೈಕಾಲು ಮರಳಿ ಬರಬಹುದು. ಅದು ಮೀರಿದ ಮೇಲೆ ಕೊಟ್ಟರೆ ಅದೇ ಔಷಧಿ ಮಿದುಳಿನಲ್ಲಿ ರಕ್ತ ಹರಿಸಿ ಕೊಲ್ಲಬಹುದು. ಶುರುವಾದದ್ದನ್ನು ಯಾರೂ ನೋಡಿಲ್ಲವೆಂದರೆ, ಕೊನೆಯ ಬಾರಿ ನೆಟ್ಟಗಿದ್ದದ್ದನ್ನು ನೋಡಿದ ಹೊತ್ತಿನಿಂದ ಲೆಕ್ಕ ಹಿಡಿಯಬೇಕು.

"ಮುಂಜಾನಿ ಎದ್ದಾಗಿಂದ ಹಿಂಗ ಅದಾಳ್ರಿ" ಎಂದರು ಯಜಮಾನರು. ನನ್ನ ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದಿತ್ತು.

"ಎದ್ದಾಗಲೇ? ಒಂದು ಮಾತು ನೆಟ್ಟಗೆ ಆಡಲಿಲ್ಲವೇ? ನಡೆದಾಡಲಿಲ್ಲವೇ?"

"ಇಲ್ರಿ. ಹಾಸಿಗ್ಯಾಗಿಂದಾನ ಹಿಂಗ."

ಸೊಸೆ ನೆಲ ನೋಡುತ್ತಿದ್ದಳು. ಅತ್ತೆಯ ಈ ಗತಿಗೆ ಕುಗ್ಗಿದ್ದಾಳೆ ಎಂದುಕೊಂಡೆ.

ಸ್ಕ್ಯಾನ್ ಕೋಣೆಗೆ ಒಯ್ದೆವು. ತಲೆಯ ಸಿ.ಟಿ. ತೆಗೆಯುವಾಗ ತಲೆ ಕುತ್ತಿಗೆಯ ಮೇಲೆ ಲೋಹ ಇರಬಾರದು, ಚಿತ್ರದಲ್ಲಿ ಬಿಳಿ ಗೆರೆಗಳೆದ್ದು ಎಲ್ಲ ಕೆಡುತ್ತದೆ. ಟೆಕ್ನಿಷಿಯನ್ ಓಲೆ, ಮೂಗುತಿ, ತಾಳಿ ಬಿಚ್ಚಿಸಿದ. ಕೊನೆಗೆ ಲಿಂಗವಿರುವ ಬೆಳ್ಳಿಯ ಕರಡಿಗೆ. ಬೇರೆ ದಿನಗಳಲ್ಲಿ ನಮ್ಮಲ್ಲಿ ಜಗಳ ಶುರುವಾಗುವುದೇ ಅಲ್ಲಿ. ಮೈಮೇಲಿನ ಲಿಂಗ ತೆಗೆಯುವುದೆಂದರೆ ಜೀವ ತೆಗೆದಂತೆ ಎನ್ನುವವರು ನಮ್ಮ ಜನ. ಟೆಕ್ನಿಷಿಯನ್ ಅದಕ್ಕೊಂದು ದಾರಿಯನ್ನೂ ಕಂಡುಕೊಂಡಿದ್ದ. ದಾರ ಸಡಿಲಿಸಿ ಕರಡಿಗೆಯನ್ನು ಹೊಟ್ಟೆಯ ಮೇಲಕ್ಕೆ ಇಳಿಸಿ, ಮೈಗೆ ತಾಗಿದಂತೆಯೇ ಬಿಡುತ್ತಿದ್ದ. ಅವತ್ತು ಅವನು ಬಾಯಿ ತೆರೆಯುವ ಮೊದಲೇ ಯಜಮಾನರು ದಾರವನ್ನು ಆಕೆಯ ತಲೆಯ ಮೇಲಿನಿಂದ ತೆಗೆದು ಸೊಸೆಯ ಕೈಗೆ ಕೊಟ್ಟುಬಿಟ್ಟರು. ಒಳ್ಳೆಯದಾಯಿತು, ಹೊತ್ತು ಉಳಿಯಿತು ಎಂದು ನಾನು ಖುಷಿಪಟ್ಟೆ.

ಬಾಗಿಲು ಹಾಕಿ ಯಂತ್ರದ ಕೋಣೆಯ ಗಾಜಿನ ಈಚೆ ಕೂತೆವು. ಒಳಗಿನ ಸದ್ದು ಕೇಳಲೆಂದು ಸಣ್ಣ ಸ್ಪೀಕರ್ ಇದೆ. ಮೇಜು ಒಳಗೆ ಸರಿಯಿತು. ಗಾಜಿನಾಚೆ ಆಕೆಯ ಎರಡು ಪಾದ ಮಾತ್ರ ಕಾಣುತ್ತಿದ್ದವು. ಆಗ ಸ್ಪೀಕರಿನಲ್ಲಿ ಮಾತು ಕೇಳಿಸಿತು.

"ಅತ್ತಿ, ಜರಾ ಸರೀರಿ. ಇಬ್ಬರಿಗಿ ಜಾಗ ಸಾಲಂಗಿಲ್ಲ."

ಟೆಕ್ನಿಷಿಯನ್ನಿನ ಬೆರಳು ಗುಂಡಿಯ ಮೇಲೆ ನಿಂತುಬಿಟ್ಟಿತು.

"ಅವರ ಮಿದುಳು ಮಾತಾಡುತ್ತಿದೆ. ನೀನು ಒತ್ತು" ಎಂದೆ. ನನ್ನ ದನಿ ಬೇಕಾದದ್ದಕ್ಕಿಂತ ಜೋರಾಗಿತ್ತು.

ಒತ್ತಿದ. ಆದರೆ ಆಕೆ ಪಕ್ಕಕ್ಕೆ ಸರಿದು ಜಾಗ ಬಿಟ್ಟುಕೊಡಲು ಹೋದಳು. ಚಿತ್ರಗಳೆಲ್ಲ ಕಲಸಿಹೋದವು. ಎರಡು ತಲೆಬುರುಡೆಗಳನ್ನು ಒಂದರ ಮೇಲೊಂದು ಇಟ್ಟಂತೆ ಪರದೆಯ ಮೇಲೆ ಬಂತು. ತಲೆ ಅಲುಗಿದರೆ ಹಾಗೇ ಬರುತ್ತದೆ, ಹತ್ತಾರು ಸಲ ನೋಡಿದ್ದೇನೆ. ಅವನೂ ನೋಡಿದ್ದಾನೆ. ಆದರೂ ಇಬ್ಬರೂ ಆ ಚಿತ್ರವನ್ನು ಬೇಗ ಅಳಿಸಿದೆವು. ಒಳಗೆ ಹೋಗಿ ಹಣೆಗೂ ಗದ್ದಕ್ಕೂ ಪಟ್ಟಿ ಬಿಗಿದು ಮತ್ತೆ ತೆಗೆದೆವು.

ಎರಡನೆಯ ಸಲ ಚಿತ್ರ ಸ್ವಚ್ಛವಾಗಿ ಬಂತು. ರಕ್ತಸ್ರಾವ ಇದ್ದಿದ್ದರೆ ಬೆಳ್ಳಗೆ ಕಾಣಬೇಕು, ಇರಲಿಲ್ಲ. ಸತ್ತ ಭಾಗ ಇದ್ದಿದ್ದರೆ ಕಪ್ಪಗೆ ಕಾಣಬೇಕು, ಅದೂ ಇರಲಿಲ್ಲ. ಮಡಿಕೆಗಳು, ಅಂಚುಗಳು, ಎರಡೂ ಕಡೆ ಸರಿಸಮ. ಒಬ್ಬ ಹೆಂಗಸಿಗೆ ಅರ್ಧ ಜಗತ್ತು ಕಾಣುತ್ತಿಲ್ಲ, ತನ್ನ ಕೈ ತನ್ನದಲ್ಲ, ಆದರೆ ಪರದೆಯ ಮೇಲೆ ಏನೂ ಆಗದ ಮಿದುಳು. ರಕ್ತ ನಿಂತ ಮೊದಲ ಕೆಲವು ಗಂಟೆ ಸಿ.ಟಿ.ಯಲ್ಲಿ ಹೀಗೇ ಇರುತ್ತದೆ, ಗುರುತು ಮೂಡಲು ಹೊತ್ತು ಬೇಕು. ಕಲಬುರಗಿಯಲ್ಲಿ ಕೂತು ನಮ್ಮ ಚಿತ್ರ ನೋಡುವ ನರರೋಗ ತಜ್ಞರೂ ಫೋನಿನಲ್ಲಿ ಅದನ್ನೇ ಹೇಳಿದರು.

"ಚಿತ್ರ ನೋಡಿದರೆ ತೀರಾ ಹೊಸದು ಅನಿಸುತ್ತದೆ. ಆದರೆ ಬರೀ ಅನಿಸಿಕೆಯ ಮೇಲೆ ಆ ಔಷಧಿ ಕೊಡಲಾಗುವುದಿಲ್ಲ. ಶುರುವಾಗಿದ್ದು ಯಾವಾಗ?"

"ಎದ್ದಾಗಿನಿಂದ ಎನ್ನುತ್ತಾರೆ."

"ಹಾಗಿದ್ದರೆ ರಾತ್ರಿ ಮಲಗಿದಾಗಿನ ಲೆಕ್ಕ. ಬೇಡ, ಕೊಡಬೇಡಿ."

ಮಾತು ಮುಗಿಯಿತು. ಹೊರಗೆ ಬಂದೆ.

"ಪೋಟೋದಾಗ ಏನರ ಬಂತೇನ್ರಿ, ಮೇಡಂ?" ಯಜಮಾನರು ಕೇಳಿದರು.

"ಚಿತ್ರದಲ್ಲಿ ಏನೂ ಕಾಣಿಸಿಲ್ಲ. ಆದರೆ..."

ಅವರು ಆ 'ಆದರೆ'ಗೆ ಕಾಯಲಿಲ್ಲ. "ನಾ ಅಂದಿದ್ದಿಲ್ಲೇನು?" ಎಂದು ಸೊಸೆಯ ಕಡೆ ತಿರುಗಿದರು. "ಮಿಷನ್‌ನಾಗೂ ಸಿಗಲಿಲ್ಲಂದ್ರ ಇದು ಲಕ್ವಾ ಅಲ್ಲ. ಅವ್ವ ಬಂದಾಳ. ನಡಿ, ಹೊಲಕ್ಕ ಒಯ್ಯೋಣ. ಅಕಿ ಗದ್ದುಗಿ ಮುಂದ ಕುಂಡರ್ಸಿ ಕೇಳೋಣ, ಏನ ಬೇಕಾಗ್ಯಾದ ಅಂತ."

ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. "ಸತ್ತವರಿಗೆ ಏನೂ ಬೇಕಾಗಿಲ್ಲರೀ, ಬದುಕಿದವರಿಗೆ ಬೇಕಾಗ್ಯಾದ!" ಎಂದು ಕೂಗಿದೆ. ಸಿಟ್ಟು ಬಂದರೆ ನನ್ನ ಬಾಯಲ್ಲೂ ಊರ ಮಾತೇ ಬರುತ್ತದೆ. ಆದರೆ ಕೂಗಿ ಏನು ಮಾಡುವುದು? ಕೊಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ. ಆಕೆಯನ್ನು ಉಳಿಸಿಕೊಂಡರೂ ಎಡಗೈ ಎಡಗಾಲು ಹೋದಂತೆಯೇ ಎಂದು ನನಗೆ ಗೊತ್ತಿತ್ತು. ಉಳಿದ ಬದುಕನ್ನೆಲ್ಲ ಆ ಹೆಂಗಸು ಸತ್ತವಳ ಕೈಯೊಂದನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಬೇಕು.

ಬೇಸರದಿಂದ ಬಾಗಿಲ ಕಡೆ ತಿರುಗಿದೆ. ಸ್ಕ್ಯಾನ್ ಕೋಣೆಯ ಹೊರಗೆ ಚಪ್ಪಲಿ ಬಿಡಲು ಒಂದು ಕಟ್ಟೆಯಿದೆ. ಆ ಕಟ್ಟೆಯ ಮೇಲೆ, ಎರಡು ಜೊತೆ ಚಪ್ಪಲಿಗಳ ಪಕ್ಕದಲ್ಲಿ, ಬೆಳ್ಳಿಯ ಕರಡಿಗೆ ಬಿದ್ದಿತ್ತು.

ಮೊದಲು ಕೆಟ್ಟ ಸಿಟ್ಟು ಬಂತು. ದೇವರ ಮೇಲೆ ನನಗೆ ಅಂಥ ಭಕ್ತಿಯೇನಿಲ್ಲ, ಆದರೆ ನನ್ನ ಅಜ್ಜಿಯ ಮೊಮ್ಮಗಳಾಗಿ ಅದನ್ನು ಅಲ್ಲಿ ಬಿಟ್ಟು ಹೋಗಲಾಗಲಿಲ್ಲ. ಬಗ್ಗಿ ಎತ್ತಿಕೊಂಡೆ. ಹಗುರವಾಗಿತ್ತು. ಅಲುಗಿಸಿದೆ, ಒಳಗೆ ಏನೂ ತಾಗಲಿಲ್ಲ. ಆಗ ಒಂದೊಂದೇ ನೆನಪಾದವು. ಜಗಳವಿಲ್ಲದೆ ದಾರ ತೆಗೆದುಕೊಟ್ಟ ಯಜಮಾನರು, ಚಪ್ಪಲಿಯ ಪಕ್ಕದಲ್ಲಿ ಇದನ್ನು ಇಟ್ಟ ಸೊಸೆ. ಲಿಂಗವಿರುವ ಕರಡಿಗೆಯನ್ನು ಆ ಮನೆಯವರು ಸತ್ತರೂ ಅಲ್ಲಿ ಇಡುವವರಲ್ಲ. ಖಾಲಿಯೆಂದು ಗೊತ್ತಿದ್ದರೆ ಮಾತ್ರ ಇಡುತ್ತಾರೆ.

"ಲಿಂಗ ಎಲ್ಲಿ?" ಎಂದೆ.

ಯಜಮಾನರ ಕೈ ತಾನಾಗಿಯೇ ಅಂಗಿಯ ಒಳಜೇಬಿಗೆ ಹೋಯಿತು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು.

"ಎದ್ದಾಗಿನಿಂದ ಹಾಸಿಗೆಯಲ್ಲೇ ಇದ್ದರೆ ಲಿಂಗ ಕರಡಿಗೆಯಿಂದ ಹೊರಗೆ ಯಾಕೆ ಬಂತು? ಪೂಜೆ ಮಾಡಿದ್ದಾರೆ ಇವರು. ಹೌದೋ ಅಲ್ಲವೋ?"

ಯಜಮಾನರು ಜೇಬನ್ನು ಒತ್ತಿ ಹಿಡಿದುಕೊಂಡರು. ಸೊಸೆ ಮಾತಾಡಿದಳು. "ಮಾಡ್ಯಾರ್ರಿ. ಬರೋಬ್ಬರಿ ಮಾಡಾಕತ್ತಿದ್ರು. ನಡುವ ಕೈಯಾಗಿನ ಲಿಂಗ ನೆಲಕ್ಕ ಬಿತ್ತರಿ..."

"ಸುಮ್ಕಿರು!" ಎಂದರು ಮಾವ.

"ಇಲ್ರಿ ಮಾವ, ನಂಗ ಆಗಂಗಿಲ್ಲ." ಆಕೆ ಅಳುತ್ತಲೇ ನನ್ನ ಕಡೆ ತಿರುಗಿದಳು. "ಲಿಂಗ ಕೈ ತಪ್ಪಿ ಬಿತ್ತಂದ್ರ ಮೈಲಿಗಿ ಆಯ್ತು, ಕೇಡಿನ ಗುರುತು ಅಂತ ಮಂದಿ ಆಡತಾರ, ನಿಮಗ ಗೊತ್ತದಲ್ರಿ. ಅದಕ್ಕ ಮಾವ ಅಂದ್ರು, ಎದ್ದೇ ಇಲ್ಲ, ಪೂಜಿನ ಮಾಡಿಲ್ಲ ಅಂತ ಹೇಳು ಅಂತ. ಮಠದ ಅಯ್ನೋರಿಗಿ ತೋರ್ಸಿ ಶುದ್ಧ ಮಾಡ್ಸೋ ತನಕ ಯಾರಿಗೂ ಹೇಳಬ್ಯಾಡ ಅಂತ."

ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಹೆದರಿ, ಹೆಂಡತಿಯ ಉಳಿವಿಗಿದ್ದ ಒಂದೇ ಬಾಗಿಲನ್ನು ಆ ಮನುಷ್ಯ ತಾನೇ ಮುಚ್ಚಿದ್ದರು. ಮುಚ್ಚಿದ್ದೇನೆಂದು ಅವರಿಗೆ ಗೊತ್ತೂ ಇರಲಿಲ್ಲ.

"ಎಷ್ಟೊತ್ತಿಗೆ ಬಿತ್ತು?"

"ಸಾಲಿ ಬಸ್ಸು ಹಾರ್ನ್ ಹೊಡೀತರಿ, ಹುಡುಗನ್ನ ಕಳಸಾಕ ನಾ ಏಳಬೇಕು, ಅಷ್ಟರಾಗ ಬಿತ್ತು. ಬಸ್ಸು ಎಂಟೂಕಾಲಿಗಿ ಬರ್ತದ."

ಗಡಿಯಾರ ನೋಡಿದೆ. ಹೊತ್ತು ಇನ್ನೂ ಇತ್ತು, ಆದರೆ ಮುಕ್ಕಾಲು ಗಂಟೆಯಷ್ಟೇ. ಕಲಬುರಗಿಗೆ ಮತ್ತೆ ಫೋನ್ ಮಾಡಿದೆ. ತಜ್ಞರು ಒಪ್ಪಲಿಲ್ಲ. "ಒಂದು ಸಲ ಸುಳ್ಳು ಹೇಳಿದವರು. ಈಗ ಹೇಳುತ್ತಿರುವುದು ಖರೆ ಎಂದು ಹೇಗೆ ನಂಬುತ್ತೀರಿ? ತಪ್ಪಾದರೆ ಹೊಣೆ ನಿಮ್ಮದು."

ಸರಿಯಾದ ಮಾತು. ಔಷಧಿ ಬೇಕೆಂದು ಜನ ಹೊತ್ತನ್ನು ಹಿಂದೆ ಮುಂದೆ ಮಾಡಿ ಹೇಳುವುದನ್ನು ನಾನೂ ಕಂಡಿದ್ದೇನೆ. ಫೋನ್ ಹಿಡಿದುಕೊಂಡೇ ಸೊಸೆಗೆ ಹೇಳಿದೆ, "ಅತ್ತೆ ಹೇಗೆ ಕೂತಿದ್ದರು, ಹೇಗೆ ಬಿತ್ತು, ಬಾಯಿಂದ ಹೇಳಬೇಡ. ಮಾಡಿ ತೋರಿಸು."

ಆಕೆ ಆಸ್ಪತ್ರೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಎಡಗೈಯನ್ನು ಮುಂದೆ ಚಾಚಿ, ಕಣ್ಣಿನ ಎತ್ತರಕ್ಕೆ ಎತ್ತಿ, ಅಂಗೈ ಮೇಲೆ ಮಾಡಿದಳು. ಕಣ್ಣನ್ನು ಅಂಗೈಯಲ್ಲಿ ನೆಟ್ಟಳು. ದಿನಾ ಲಿಂಗಪೂಜೆ ಮಾಡುವವರು ಕೈಯನ್ನು ಹಾಗೆ ಅಲುಗದಂತೆ ಎಷ್ಟೋ ಹೊತ್ತು ಹಿಡಿಯುತ್ತಾರೆ.

"ಹಿಂಗೇ ಕುಂತಿದ್ರಿ. ಜರಾನೂ ಅಳ್ಳಾಡಿದ್ದಿಲ್ಲ. ನೀರು ಹಾಕಿದ್ರು, ಇಭೂತಿ ಹಚ್ಚಿದ್ರು, ಪತ್ರಿ ಏರಸಿದ್ರು. ಆಮ್ಯಾಲ ಹಾರ್ನ್ ಆಯ್ತು. ಆವಾಗ ನೋಡ್ರಿ, ಈ ಕೈ..."

ಆಕೆಯ ಅಂಗೈ ನಿಧಾನವಾಗಿ ಒಳಮುಖವಾಗಿ ತಿರುಗತೊಡಗಿತು. ತಿರುಗುತ್ತಲೇ ಮೆಲ್ಲಗೆ ಕೆಳಗಿಳಿಯಿತು.

"ಧಪ್ಪಂತ ಬೀಳಲಿಲ್ರಿ. ಯಾರೋ ಹಿಡದು ತಿರುವಿ ಇಳಿಸಿದಂಗ. ಅತ್ತಿ ಅದನ್ನೇ ನೋಡಾಕತ್ತಿದ್ರು. ಲಿಂಗ ಜಾರಿ ಬಿತ್ತು. 'ಇದು ಅತ್ತಿ ಕೈ ಅಲಾ?' ಅಂದ್ರು."

ಆ ತಿರುವು ನನಗೆ ಗೊತ್ತಿತ್ತು. ಎರಡು ಕೈ ಮುಂದೆ ಚಾಚಿ, ಅಂಗೈ ಮೇಲೆ ಮಾಡಿ ಹಿಡಿಯಿರಿ ಎಂದು ನಾವು ಲಕ್ವಾದ ರೋಗಿಗಳಿಗೆಲ್ಲ ಹೇಳುತ್ತೇವೆ. ಬಲ ಹೋಗುತ್ತಿರುವ ಕೈ ಬೀಳುವುದಕ್ಕೆ ಮೊದಲು ಹೀಗೇ ಒಳಗೆ ತಿರುಗುತ್ತದೆ, ಹೀಗೇ ಇಳಿಯುತ್ತದೆ. ಸುಳ್ಳು ಕಟ್ಟುವವರು ಕೈ ಬಿತ್ತು ಎನ್ನುತ್ತಾರೆ. ಅಂಗೈ ಮೊದಲು ತಿರುಗಿತು ಎಂದು ಕಟ್ಟಲು ಯಾರಿಗೂ ತೋಚುವುದಿಲ್ಲ. ಆ ಮನೆಯ ದೇವರ ಕೋಣೆಯಲ್ಲಿ ನಾವು ಮಾಡುವ ಪರೀಕ್ಷೆಯೇ ನಡೆದಿತ್ತು, ಪಾಸಾಗುತ್ತಿದ್ದ ಕೈ ನಾಪಾಸಾದ ಗಳಿಗೆಯನ್ನು ಒಬ್ಬರು ಎದುರಿಗೇ ಕೂತು ನೋಡಿದ್ದರು.

"ನಾನು ಕೊಡುತ್ತೇನೆ. ಹೊಣೆ ನನ್ನದೇ ಇರಲಿ" ಎಂದೆ ಫೋನಿನಲ್ಲಿ. ಕಂಡದ್ದನ್ನು ವಿವರಿಸಿದೆ. "ಕೊಡಿ, ಮೊದಲು ಒತ್ತಡ ಇಳಿಸಿ" ಎಂದರು.

ಆಕೆಯನ್ನು ತುರ್ತು ಕೋಣೆಗೆ ಮರಳಿ ತಂದು, ಒತ್ತಡ ಇಳಿಯಲು ಔಷಧಿ ಹಾಕಿ ಯಜಮಾನರನ್ನು ಪಕ್ಕಕ್ಕೆ ಕರೆದೆ. ಮುಚ್ಚುಮರೆ ಮಾಡಲಿಲ್ಲ. ಈ ಸೂಜಿಯಿಂದ ಕೈಕಾಲು ಬರಬಹುದು, ಬರದೆಯೂ ಇರಬಹುದು, ಕೆಲವರಿಗೆ ಮಿದುಳಿನಲ್ಲಿ ರಕ್ತ ಹರಿದು ಜೀವವೇ ಹೋಗಬಹುದು ಎಂದೆ. ಅವರು ಹೆಂಡತಿಯ ಹತ್ತಿರ ಹೋಗಿ ಕೇಳಿದರು, "ಏನ ಮಾಡೂಣು? ಹಾಕ್ಸೂಣೇನು?"

ಆಕೆ ಸ್ಟೂಲು ಮೊದಲಿದ್ದ ಜಾಗವನ್ನು ನೋಡಿದಳು. "ಅತ್ತಿಗಿ ಕೇಳ್ರಿ" ಎಂದಳು.

ಆ ಮನುಷ್ಯನ ಮುಖ ನೋಡಲಾಗಲಿಲ್ಲ. ಅವರು ನಿಜಕ್ಕೂ ಕೇಳಲಿಕ್ಕೆ ಬಗ್ಗಿದರು. ಚಾದರದ ಮೇಲಿದ್ದ ಎಡಗೈಗೆ ಹಣೆ ತಾಗಿಸಿ ಏನೋ ಹೇಳಿದರು, ನನಗೆ ಕೇಳಿಸಲಿಲ್ಲ. ತಲೆಯೆತ್ತಿದಾಗ ಕಣ್ಣು ತುಂಬಿದ್ದವು.

"ಹಾಕ್ರಿ ಮೇಡಂ. ಆದ್ರ ಬಲಗೈಗಿ ಹಾಕ್ರಿ. ಇದಕ್ಕ ಬ್ಯಾಡ."

ನಾವು ಹೇಗೂ ಬಲಗೈಗೇ ಹಾಕುತ್ತಿದ್ದೆವು. ಅದನ್ನು ಅವರಿಗೆ ಹೇಳಲಿಲ್ಲ. "ಆಯ್ತು ಕಾಕಾ, ಬಲಗೈಗೇ" ಎಂದೆ.

ಔಷಧಿಯನ್ನು ಒಂದೇ ಸಲಕ್ಕೆ ಬಲಗೈಯ ನರಕ್ಕೆ ಏರಿಸಿದೆ. ಮುಂದೆ ಕಾಯುವುದು. ನರ್ಸ್ ಮತ್ತೆ ಮತ್ತೆ ಒತ್ತಡ ನೋಡುತ್ತಿದ್ದಳು, ನಾನು ಕಣ್ಣಿಗೆ ಬೆಳಕು ಬಿಡುತ್ತಿದ್ದೆ, ತಲೆನೋವಿದೆಯೇ ಎಂದು ಕೇಳುತ್ತಿದ್ದೆ. ಪ್ರತಿ ಸಲ ಆಕೆ ಬಲಕ್ಕೇ ತಿರುಗಿ ಉತ್ತರ ಕೊಡುತ್ತಿದ್ದಳು. ನನಗೆ ಅನ್ನ ಸೇರಲಿಲ್ಲ. ತಪ್ಪಿದ್ದರೆ ಈ ಹೆಂಗಸನ್ನು ಕೊಂದವಳು ನಾನು ಎನ್ನುವ ಒಂದೇ ಯೋಚನೆ ತಲೆಯಲ್ಲಿ ಸುತ್ತುತ್ತಿತ್ತು. ಬಿಸಿಲು ಕಿಟಕಿಯಿಂದ ಸರಿದುಹೋದ ಮೇಲೆ, ಎಡಗಡೆ ನಿಂತು ಮತ್ತೊಮ್ಮೆ ಕೇಳಿದೆ.

"ತಲೆ ನೋಯುತ್ತದೆಯೇ ಅಮ್ಮಾ?"

ಆಕೆಯ ಕಣ್ಣು ಕೋಣೆಯ ಮಧ್ಯಕ್ಕೆ ಬಂದವು. ಅಲ್ಲಿ ತಡೆದವು. ಆಮೇಲೆ ನನ್ನ ಮೇಲೆ ಬಂದು ನಿಂತವು. "ನೀವು ಯಾವಾಗ ಬಂದ್ರಿ?" ಎಂದಳು. ಬೆಳಗಿನಿಂದ ಪಕ್ಕದಲ್ಲೇ ಇದ್ದವಳನ್ನು ಆಗಷ್ಟೇ ಕಂಡಿದ್ದಳು. ಚಾದರದ ಮೇಲೆ ಎಡಗೈಯ ಹೆಬ್ಬೆರಳು ಅಲುಗಿತು. ಸೊಸೆ ಜೋರಾಗಿ ಅತ್ತುಬಿಟ್ಟಳು. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮರುದಿನ ನಿಯಮದಂತೆ ಮತ್ತೆ ಸ್ಕ್ಯಾನ್ ಮಾಡಿದೆವು. ಈಗ ಬಲಭಾಗದಲ್ಲಿ ಒಂದು ಸಣ್ಣ ಕಪ್ಪು ಮಚ್ಚೆ ಮೂಡಿತ್ತು. ರಕ್ತ ಹರಿದಿರಲಿಲ್ಲ. ಆಕೆ ಕೆಟ್ಟಿದ್ದಾಗ ಚಿತ್ರ ನೆಟ್ಟಗಿತ್ತು, ಆಕೆ ನೆಟ್ಟಗಾದ ಮೇಲೆ ಚಿತ್ರ ಕೆಟ್ಟಿತು. ಯಜಮಾನರಿಗೆ ಆ ಮಚ್ಚೆ ತೋರಿಸಿದೆ. "ಇಷ್ಟೇನ್ರಿ?" ಎಂದು ಬಹಳ ಹೊತ್ತು ನೋಡಿದರು. ಅವರಿಗೆ ಸಮಾಧಾನವಾಯಿತೋ ನಿರಾಸೆಯಾಯಿತೋ ನನಗೆ ತಿಳಿಯಲಿಲ್ಲ.

ಮನೆಗೆ ಕಳಿಸುವ ದಿನ ಆಕೆ ಗೋಡೆ ಹಿಡಿಯದೆ ನಡೆದಳು. ಎಡಗೈಯ ಹಿಡಿತ ಸ್ವಲ್ಪ ಸಡಿಲವಿತ್ತು, ಅಷ್ಟೇ. ಗಂಡ ಜೀಪು ತರಲು ಹೋಗಿದ್ದರು, ಸೊಸೆ ಔಷಧಿ ಅಂಗಡಿಯಲ್ಲಿದ್ದಳು. ಕೊನೆಯ ಸಲ ಆ ಕೈ ಹಿಡಿದು ಯಾರದೆಂದು ಕೇಳಿದೆ. "ನಂದರಿ, ಮತ್ಯಾರದು?" ಎಂದು ನಕ್ಕಳು. ಆಮೇಲೆ ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ದನಿ ತಗ್ಗಿಸಿದಳು.

"ಒಂದ್ ಮಾತ ಹೇಳ್ಲೇನ್ರಿ, ಡಾಕ್ಟರ್ ಬಾಯಿ? ನಮ್ಮ ಅತ್ತಿ ಇದ್ದಾಗ ಒಂದಿನಾನೂ ನನ್ನ ತನ್ನ ಮಗ್ಗಲಾಗ ಕುಂಡರ್ಸಿಕೊಂಡಾಕಿ ಅಲ್ಲ. ಹಾಸಿಗಿ ಹಿಡದಾಗ ನಾನ ಉಣಿಸೀನಿ, ನಾನ ತೊಳದೀನಿ. ಆದ್ರೂ ಕೈ ಹಿಡ್ಯಾಕ ಹ್ವಾದ್ರ ಕಸಗೊಂತಿದ್ಲು. ಅವತ್ತ ಒಂದಿನ ನನ್ನ ಬಿಟ್ಟು ಹೋಗಲಿಲ್ಲ."

ಅದು ನಿಮ್ಮದೇ ಕೈ, ಮಿದುಳಿಗೆ ರಕ್ತ ನಿಂತು ಹಾಗೆ ಅನಿಸಿತು ಎಂದು ತಿಳಿಸಿ ಹೇಳಿದೆ. ಚಿತ್ರ ತಂದು ಮಚ್ಚೆಯನ್ನೂ ತೋರಿಸಿದೆ. ಆಕೆ ತಲೆ ಅಲ್ಲಾಡಿಸುತ್ತ ಎಲ್ಲವನ್ನೂ ಕೇಳಿದಳು.

"ಹೌದ್ರಿ, ನೀವು ಓದಿದಾಕಿ, ನೀವು ಹೇಳೋದ ಖರೇ ಇರಬೇಕು" ಎಂದಳು. "ಆದ್ರ ಅತ್ತಿನ್ನ ಮಣ್ಣಿನ ಕುಣಿಯಾಗ ಇಳಸೋ ಮುಂದ ಲಿಂಗ ಇಟ್ಟು ಆ ಕೈ ಬೆರಳು ಮಡಚಿದಾಕಿ ನಾನ. ಆವಾಗ ತಣ್ಣಗಿತ್ತು. ಅವತ್ತ ಬೆಚ್ಚಗಿತ್ತರಿ. ನೀವು ಒಂದು ಸೂಜಿ ಹಾಕಿ ಅಕಿನ್ನ ಕಳಿಸಿಬಿಟ್ರಿ."